ಪೂರ್ತಿ ದಾಟದ ಬೆಕ್ಕು

ಬೆಕ್ಕು ಸಾಕಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಕಾಲಿಲ್ಲದ, ಕಣ್ಣಿಲ್ಲದ ಬೆಕ್ಕು ಸಾಕಿದವನಿಗೆ ಸ್ವಲ್ಪ ಜಾಸ್ತಿ. ನಾನೇನೂ ಹುಡುಕಿಕೊಂಡು ಹೋದವನಲ್ಲ.

ಎಪ್ಪತ್ತರ ದಶಕದ ಕೊನೆ. ಬನಶಂಕರಿ ಎರಡನೇ ಹಂತದಲ್ಲಿ ಒಂದು ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆ. ಒಂದು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು. ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಕೆಲಸ. ಆ ಸದ್ದಿನಲ್ಲಿ ಯಾರೂ ಮಾತಾಡುವುದಿಲ್ಲ. ನನಗೆ ಅದು ಹಿಡಿಸಿತ್ತು. ಮಾತೆಲ್ಲ ನನ್ನ ಹೆಂಡತಿಯದು. ನನ್ನ ಪಾಲಿನದನ್ನೂ ಅವಳೇ ಆಡುತ್ತಿದ್ದಳು.

ಒಂದು ದಿನ ಅವಳು ಸೆರಗಿನಲ್ಲಿ ಬೆಕ್ಕಿನ ಮರಿಯೊಂದನ್ನು ಸುತ್ತಿಕೊಂಡು ಬಂದಳು. ಅದರ ಮೇಲೆ ಸೈಕಲ್ ಹತ್ತಿತ್ತಂತೆ. ಸೊಂಟದಿಂದ ಹಿಂದಕ್ಕೆ ಸ್ವಾಧೀನವಿರಲಿಲ್ಲ. ಮುಂದಿನ ಎರಡು ಕಾಲಲ್ಲಿ ಹಿಂದಿನ ಎರಡನ್ನು ಎಳೆದುಕೊಂಡು ಹೋಗುತ್ತಿತ್ತು. ಅವಳು ಅದಕ್ಕೆ ಜಿಂಕೆ ಎಂದು ಹೆಸರಿಟ್ಟಳು.

ಮನೆ ಮಾಲೀಕರಿಗೆ ಜಯನಗರದಲ್ಲಿ ಬಟ್ಟೆ ಅಂಗಡಿ. ಹಣೆ ತುಂಬ ವಿಭೂತಿ. ಶಕುನ ನೋಡದೆ ಚಪ್ಪಲಿ ಮೆಟ್ಟುವವರಲ್ಲ. ಮರಿಯನ್ನು ನೋಡಿ ಹೇಳಿದರು:

"ಹೆಣ್ಮಗಳು ಆಸೆಪಟ್ಟು ತಂದಿದಾರೆ, ಇರ್ಲಿ. ಇದಕ್ಕೆ ನಡೆಯೋಕಾಗಲ್ಲ, ಅಡ್ಡ ಬರೋ ಭಯ ಇಲ್ಲ. ಆದ್ರೆ ನಡೆಯೋ ಬೆಕ್ಕು ಬಂತೋ, ನೀವು ಮನೆ ಖಾಲಿ ಮಾಡ್ಬೇಕಾಗತ್ತೆ."

ಮುಂದಿನ ವರ್ಷ ಹೆಂಡತಿ ತೀರಿಕೊಂಡಳು. ಜ್ವರ ಎಂದು ಆಸ್ಪತ್ರೆಗೆ ಹೋದವಳು ಬರಲಿಲ್ಲ. ಮನೆಯಲ್ಲಿ ಉಳಿದದ್ದು ಜಿಂಕೆ ಮತ್ತು ನಾನು. ಒಬ್ಬರ ಬಗ್ಗೆ ಒಬ್ಬರಿಗೆ ಅಂಥ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ.

ದನದ ಆಸ್ಪತ್ರೆ

ಹೆಂಡತಿಯ ಅಕ್ಕ ಬಂದಿದ್ದವರು ಅಷ್ಟು ದಿನ ಬೆಕ್ಕನ್ನು ನೋಡಿಕೊಂಡಿದ್ದರು. ಏನು ನೋಡಿಕೊಳ್ಳುತ್ತಾರೆ ಎಂದು ನಾನು ಕೇಳಿರಲಿಲ್ಲ. ಕರ್ಮ ಮುಗಿಸಿ ಅವರು ಊರಿಗೆ ಹೋದರು. ಮಾರನೆಯ ದಿನ ಬೆಕ್ಕು ಕೂಗತೊಡಗಿತು. ಹಾಲಿಟ್ಟೆ, ಕುಡಿಯಲಿಲ್ಲ. ಬೈದೆ, ನಿಲ್ಲಿಸಲಿಲ್ಲ. ವೈರ್ ಬುಟ್ಟಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಹೋದೆ.

ನನ್ನ ಹಿಂದೆ ಚಿಕ್ಕಲಸಂದ್ರದ ಗೌಡರೊಬ್ಬರು ಎಮ್ಮೆ ಹಿಡಿದು ನಿಂತಿದ್ದರು. ಡಾಕ್ಟರು ತಲೆ ಎತ್ತದೆ ಬರೆಯುತ್ತಲೇ ಕೇಳಿದರು.

"ದಿನಕ್ಕೆ ಎಷ್ಟು ಲೀಟರ್?"

ಹಿಂದಿದ್ದ ಎಮ್ಮೆಯನ್ನು ತಿರುಗಿ ನೋಡಿದೆ.

"ಕರು ಹಾಕಿ ಎಷ್ಟು ತಿಂಗಳಾಯ್ತು?"

ಬುಟ್ಟಿಯನ್ನು ಮೇಜಿನ ಮೇಲಿಟ್ಟೆ. ಬೆಕ್ಕು ಕೂಗಿತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ರೀ, ಬೆಕ್ಕಿಗೆಲ್ಲ ಯಾರ್ರೀ ಔಷಧಿ ಮಾಡ್ತಾರೆ? ಇದನ್ನ ಬಿಟ್ಟು ಇನ್ನೊಂದು ತಗೊಳ್ಳಿ."

"ಇದು ಅವಳದು," ಅಂದೆ.

ಯಾರದು ಎಂದು ಅವರು ಕೇಳಲಿಲ್ಲ. ನನ್ನ ಬೋಳಿಸಿದ ತಲೆ ನೋಡಿದರು. ಎದ್ದು ಬಂದು ಬೆಕ್ಕಿನ ಹೊಟ್ಟೆ ಮುಟ್ಟಿದರು. ಕಲ್ಲಾಗಿತ್ತು. ಒಂದು ಕೈಲಿ ಎತ್ತಿ ಹಿಡಿದು ಇನ್ನೊಂದರಲ್ಲಿ ಮೆಲ್ಲಗೆ ಒತ್ತಿದರು. ಉಚ್ಚೆ ಚಿಮ್ಮಿತು. ಬೆಕ್ಕು ತಟ್ಟನೆ ಸುಮ್ಮನಾಗಿ ಕಣ್ಣು ಮುಚ್ಚಿತು.

"ಇದಕ್ಕೆ ತಾನಾಗಿ ಹೋಗಲ್ಲ. ಮನೆಯವರು ಒತ್ತುತಾ ಇದ್ರು ಅಂತ ಕಾಣತ್ತೆ. ಬೆಳಿಗ್ಗೆ ಸಂಜೆ ನೀವೇ ಒತ್ತಬೇಕು. ಇದು ಇರೋ ತನಕ."

ನನ್ನ ಕೈ ಹಿಡಿದು ಜಾಗ ತೋರಿಸಿಕೊಟ್ಟರು. ಹಿಂದಿದ್ದ ಗೌಡರು ಎಲ್ಲವನ್ನೂ ಬಗ್ಗಿ ನೋಡಿ, ಎಮ್ಮೆಯ ಬೆನ್ನು ತಟ್ಟಿದರು.

"ಬೆಳಿಗ್ಗೆ ಸಂಜೆ ಇಷ್ಟೇ ಕಷ್ಟಕ್ಕೆ ಇವಳು ಒಂದೊಂದು ತಂಬಿಗೆ ಕೊಡ್ತಾಳೆ ಸ್ವಾಮಿ."

ಒಳಲೆ

ಬಚ್ಚಲ ಪಕ್ಕದ ಕಲ್ಲಿನ ಮೇಲೆ ಕೂತು ಈ ಕೆಲಸ ಮಾಡುತ್ತಿದ್ದೆ. ತೊಡೆಯ ಮೇಲೆ ಬೆಕ್ಕು, ಕೆಳಗೆ ಹಳೆಯ ಎನಾಮಲ್ ಬಟ್ಟಲು. ಮಾಲೀಕರ ಹೆಂಡತಿ ಹಿತ್ತಿಲಿಗೆ ಹೂ ಬಿಡಿಸಲು ಬಂದವರು ದಿನಾ ದೂರದಿಂದ ನೋಡುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಹೆಂಡತಿ ಸತ್ತ ಮೇಲೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದರೆ ಅಳುತ್ತೇನೆಂದು ಅವರಿಗೆ ಭಯ. ಕೇಳಿದರೆ ಉತ್ತರ ಹೇಳಬೇಕಲ್ಲ ಎಂದು ನನಗೆ.

ಮಾಲೀಕರ ದೊಡ್ಡ ಮಗಳು ಮಗುವಿನ ಜೊತೆ ತವರಿಗೆ ಬಂದಿದ್ದಳು. ಮಗುವಿಗೆ ನಾಯಿಕೆಮ್ಮು. ಬೀದಿಗೆಲ್ಲ ಕೇಳಿಸುತ್ತಿತ್ತು. ಆ ಕಾಲದಲ್ಲಿ ಒಬ್ಬಳು ಕತ್ತೆ ಹಿಡಿದುಕೊಂಡು "ಕತ್ತೆ ಹಾಲೂ" ಎಂದು ಕೂಗುತ್ತ ಬರುತ್ತಿದ್ದಳು. ಕೂಸುಗಳ ಕೆಮ್ಮಿಗೆ ಒಳ್ಳೆಯದೆಂದು ಒಂದೊಂದು ಒಳಲೆ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನ ತುಂಬ, ಕರೆಸಿ ಕುಡಿಸುತ್ತಿದ್ದರು. ಆ ವಾರ ಅವಳ ಸುಳಿವಿಲ್ಲ.

ಒಂದು ಬೆಳಿಗ್ಗೆ ಮಾಲೀಕರ ಹೆಂಡತಿ ಬೆಳ್ಳಿಯ ಒಳಲೆ ಹಿಡಿದು ನೇರ ನನ್ನ ಕಲ್ಲಿನ ಹತ್ತಿರ ಬಂದರು.

"ಅಣ್ಣಾ, ತಪ್ಪು ತಿಳೀಬೇಡಿ. ಅರ್ಧ ಒಳಲೆ ಆದ್ರೂ ಸಾಕು."

"ಏನು?"

"ಹಾಲು. ಕೂಸು ಕೆಮ್ಮಿ ಕೆಮ್ಮಿ ಸುಸ್ತಾಗಿದೆ. ಕತ್ತೆದು ಆಗತ್ತೆ ಅಂದ್ಮೇಲೆ ಬೆಕ್ಕಿಂದು ಆಗಲ್ವಾ? ಅದೂ ನಾಯಿಕೆಮ್ಮು. ಬೆಕ್ಕಿನ ಹಾಲೇ ಅದಕ್ಕೆ ಸರಿಯಾದ ಮದ್ದು ಅಂತ ನಂಗನ್ಸತ್ತೆ."

ಬಟ್ಟಲನ್ನು ನೋಡಿದೆ. ಅವರನ್ನು ನೋಡಿದೆ.

"ಅಮ್ಮ, ಇದು ಹಾಲಲ್ಲ."

"ಮತ್ತೆ ಬೆಳಿಗ್ಗೆ ಸಂಜೆ ಕೂತ್ಕೊಂಡು ಕರೀತಿರ್ತೀರಲ್ಲ?"

ಏನೆಂದು ಹೇಳಿದೆ. ಒಂದೇ ಮಾತಿನಲ್ಲಿ ಹೇಳಿದೆ.

ಒಳಲೆ ಸೆರಗಿನೊಳಗೆ ಹೋಯಿತು. ಅವರು ಒಳಗೆ ಹೋದರು. ಮಗುವನ್ನು ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ದರು, ವಾಸಿಯಾಯಿತು. ಆದರೆ ಆ ಬೆಳಿಗ್ಗೆ ನಲ್ಲಿಯ ಹತ್ತಿರ ಹುಣಸೆಹಣ್ಣು ಹಾಕಿ ಒಳಲೆ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ನಾನು ಅದರಲ್ಲಿ ಏನೂ ಹಾಕಿರಲಿಲ್ಲ.

ಬೇರಿಂಗ್ ಗಾಡಿ

ಜಿಂಕೆಯ ಹಿಂಗಾಲು ನೆಲಕ್ಕೆ ಉಜ್ಜಿ ಉಜ್ಜಿ ಹುಣ್ಣಾಯಿತು. ಕಾರ್ಖಾನೆಯ ಗುಜರಿಯಿಂದ ಎರಡು ಸಣ್ಣ ಬೇರಿಂಗ್ ಕೇಳಿ ತಂದೆ. ಹಲಗೆಯ ತುಂಡಿಗೆ ಜೋಡಿಸಿದೆ. ಹೆಂಡತಿಯ ಹಳೆಯ ರವಿಕೆಯ ಬಟ್ಟೆಯಲ್ಲಿ ಪಟ್ಟಿ ಮಾಡಿ ಸೊಂಟಕ್ಕೆ ಕಟ್ಟಿದೆ. ಬೆಕ್ಕು ಒಂದು ಗಳಿಗೆ ಯೋಚಿಸಿತು. ಆಮೇಲೆ ಹೊರಟಿತು. ಗಡಗಡ ಗಡಗಡ. ಮನೆಯಲ್ಲಿ ಇಲಿಗಳಿದ್ದವು. ಅವು ಸದ್ದು ಕೇಳಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು.

ಸದ್ದಿಗೆ ಮಾಲೀಕರು ಬಂದರು. ಜಿಂಕೆ ಅಂಗಳದ ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು.

"ಇದೇನ್ ಸಾರ್! ನಡೆಯೋ ಬೆಕ್ಕು ಆಗಲ್ಲ ಅಂದಿದ್ನಲ್ಲ?"

"ನಡೀತಿಲ್ಲ," ಅಂದೆ. "ಉರುಳ್ತಿದೆ."

ಅವರು ಬಹಳ ಹೊತ್ತು ನಿಂತು ನೋಡಿದರು. ಮನೆಯಲ್ಲಿ ಶಕುನದ ಪುಸ್ತಕವಿತ್ತು. ಹೋಗಿ ನೋಡಿದರೆಂದು ಕಾಣುತ್ತದೆ. ಸಂಜೆ ಬಂದು ಹೇಳಿದರು:

"ಉರುಳೋದರ ಬಗ್ಗೆ ಏನೂ ಬರೆದಿಲ್ಲ. ಸದ್ಯಕ್ಕೆ ಇರ್ಲಿ."

ಸ್ಟೂಲು

ನಾನು ಕುಂಟ ಬೆಕ್ಕು ಸಾಕುತ್ತೇನೆಂಬ ಸುದ್ದಿ ಹಬ್ಬಿತು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಬಿಸ್ಕತ್ತಿನ ಡಬ್ಬದಲ್ಲಿ ಒಂದು ಬೂದು ಬೆಕ್ಕಿತ್ತು. ಎರಡೂ ಕಣ್ಣು ಹೋಗಿತ್ತು.

"ಇದು ನಡೆಯತ್ತೆ," ಅಂದರು ಮಾಲೀಕರು.

"ಹೊರಗೆ ಬರಲ್ಲ. ದಾರಿ ಕಾಣಲ್ಲ."

ಗೊಣಗಿದರು. ಆದರೂ ಬಿಟ್ಟರು.

ಕುರುಡಿಗೆ ಮನೆಯೆಲ್ಲ ಬಾಯಿಪಾಠ. ಮಂಚ ಎಲ್ಲಿ, ಒಲೆ ಎಲ್ಲಿ, ಒರಳು ಎಲ್ಲಿ. ಒಂದು ಚೊಂಬು ಅತ್ತಿತ್ತ ಇಟ್ಟರೂ ಹೋಗಿ ತಲೆ ಬಡಿದುಕೊಳ್ಳುತ್ತಿತ್ತು. ಹಾಗಾಗಿ ನಾನು ಏನನ್ನೂ ಜರುಗಿಸುತ್ತಿರಲಿಲ್ಲ. ಕಿಟಕಿಯ ಹತ್ತಿರ ಒಂದು ಸ್ಟೂಲಿತ್ತು. ಹೆಂಡತಿ ಸಂಜೆ ಅದರ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಕುರುಡಿ ಅವಳನ್ನು ಕಂಡದ್ದೇ ಇಲ್ಲ. ಆದರೂ ದಿನಾ ಸಂಜೆ ಮಂಚದಿಂದ ಹಾರಿ ಸರಿಯಾಗಿ ಅದೇ ಸ್ಟೂಲಿನ ಮೇಲೆ ಹೋಗಿ ಕೂರುತ್ತಿತ್ತು.

"ಆ ಸ್ಟೂಲನ್ನಾದ್ರೂ ಆಚೆಗಿಡಿ, ಕಣ್ಣಿಗೆ ಬಿದ್ದಾಗಲೆಲ್ಲ ಸಂಕಟ ಆಗತ್ತೆ," ಎಂದರು ಒಮ್ಮೆ ಬಂದ ನೆಂಟರು.

"ಬೆಕ್ಕಿಗೆ ತೊಂದರೆಯಾಗತ್ತೆ," ಎಂದೆ. ಬೆಕ್ಕಿಗೆ ಅಂತಲೇ ಎಂದೆ.

ಹೆಂಡತಿಯ ಅಕ್ಕ ಒಬ್ಬ ಮದುವೆ ದಲ್ಲಾಳಿಯನ್ನು ಕಳಿಸಿದರು. ಕೊಡೆ ಮಡಚಿಕೊಂಡು ಬಂದವನು ಸುತ್ತ ನೋಡಿ ಸ್ಟೂಲಿನ ಮೇಲೆ ಕೂತ.

"ಅಲ್ಲಿ ಬೇಡ," ಅಂದೆ.

"ಪರವಾಗಿಲ್ಲ ಸ್ವಾಮಿ, ನಂಗೆ ಇಷ್ಟು ಸಾಕು. ನಿಮಗೇನಂಥಾ ವಯಸ್ಸಾಯ್ತು? ಒಂಟಿ ಜೀವನ ಒಂದು ಜೀವನವೇ? ಮಾತಾಡಕ್ಕೊಂದು ಜೀವ ಬೇಡ್ವೇ? ಮಾಗಡಿ ಕಡೆ ಒಂದು ಹೆಣ್ಣಿದೆ, ಮನೆಗೆ ಲಕ್ಷ್ಮಿ ತಾನಾಗಿ ಬಂದು ಕೂತ ಹಾಗೆ..."

ಸಂಜೆಯಾಗಿತ್ತು. ಮಂಚದ ಮೇಲಿದ್ದ ಕುರುಡಿ ಮೈ ಮುರಿದು, ಅಳತೆ ನೋಡಿ, ಹಾರಿತು.

ದಲ್ಲಾಳಿಯ ಮಡಿಲಿಗೆ ಬಂದು ಕೂತಿತು. ಗುರುತಿಲ್ಲದ ಮಡಿಲು. ಹದಿನೆಂಟು ಉಗುರನ್ನೂ ಊರಿತು. ಅವನು ಕೂಗಿದ, ಅದು ಕೂಗಿತು. ಜಿಂಕೆ ಗಡಗಡ ಎಂದು ಬಂದು ಅವನ ಕಾಲ ಬೆರಳ ಮೇಲೆ ಗಾಡಿ ಹತ್ತಿಸಿತು.

ಬಾಗಿಲಿನ ಹೊರಗೆ ಪಂಚೆ ಹಿಡಿದುಕೊಂಡು ನಿಂತು ಕಿರುಚಿದ:

"ಏನ್ರೀ, ಕಣ್ಣು ಕಾಣ್ಸಲ್ವಾ ಅದಕ್ಕೆ?"

"ಇಲ್ಲ," ಅಂದೆ.

ದಾಟುವ ಕೆಲಸ

ನಮ್ಮ ಬೀದಿಯಲ್ಲಿ ಬೀದಿಬೆಕ್ಕುಗಳು ಬೇಕಾದಷ್ಟಿದ್ದವು. ಮಾಲೀಕರು ಅಂಗಡಿಗೆ ಸ್ಕೂಟರ್ ಹೊರಡಿಸುವ ಹೊತ್ತಿಗೆ ಸರಿಯಾಗಿ ಒಂದು ಅಡ್ಡ ಹೋಗುತ್ತಿತ್ತು. ಆಗ ವಾಪಸ್ ಒಳಗೆ ಹೋಗಬೇಕು, ನೀರು ಕುಡಿಯಬೇಕು, ಒಂದಷ್ಟು ಹೊತ್ತು ಕೂರಬೇಕು, ಮತ್ತೆ ಹೊರಡಬೇಕು. ಇನ್ನೊಂದು ಬೆಕ್ಕು ಬಂದರೆ ಮತ್ತೆ ನೀರು. ಕೆಲವು ದಿನ ಅಂಗಡಿ ತೆರೆಯುವ ಹೊತ್ತಿಗೆ ಅವರ ಹೊಟ್ಟೆ ತುಂಬಿರುತ್ತಿತ್ತು.

ಒಂದು ದಿನ ಬಸ್ಸಿಗೆ ಹೊರಟ ನಾನು ಬೆಕ್ಕು ಹೋದ ದಾರಿಯನ್ನು ಅವರಿಗಿಂತ ಮೊದಲೇ ದಾಟಿಬಿಟ್ಟೆ. ಬೇರೆಯವರು ಮೊದಲು ದಾಟಿದರೆ ದೋಷ ಅವರಿಗೆ ಹೋಗುತ್ತದಂತೆ. ಮಾಲೀಕರ ಮುಖ ಅರಳಿತು. ಮರುದಿನದಿಂದ ಗೇಟಿನಲ್ಲಿ ಕಾಯತೊಡಗಿದರು.

"ಸಾರ್, ಒಂದ್ಸಲ ದಾಟ್ಬಿಡಿ."

ದಾಟುತ್ತಿದ್ದೆ.

"ನೀವು ಬೇಜಾರು ಮಾಡ್ಕೋಬಾರ್ದು," ಎಂದರು ಒಮ್ಮೆ, ಬಹಳ ಸಮಾಧಾನದ ದನಿಯಲ್ಲಿ. "ನಿಮಗೆ ಆಗಬಾರದ್ದೆಲ್ಲ ಆಗೋಗಿದೆ. ಇನ್ನು ಬೆಕ್ಕು ಏನು ಮಾಡತ್ತೆ?"

ಅದು ನಿಜ. ಬೇಜಾರಾಗಲಿಲ್ಲ. ಸುದ್ದಿ ಬೀದಿಗೆಲ್ಲ ಹಬ್ಬಿತು. ಎದುರು ಮನೆಯವರು, ಮೂಲೆ ಮನೆಯವರು, ಎಲ್ಲರೂ ಕರೆಯತೊಡಗಿದರು. ಬೇರೆ ಯಾವುದಕ್ಕೂ ಕರೆಯುತ್ತಿರಲಿಲ್ಲ. ಆದರೂ ದಿನಕ್ಕೆ ಒಂದೆರಡು ಸಲವಾದರೂ ಯಾರೋ ನನ್ನನ್ನು ಕೂಗುತ್ತಿದ್ದರು.

ಒಂದು ದಿನ ಬಸ್ ಬಂದು ನಿಂತಿದೆ. ಎದುರು ಮನೆಯ ಹುಡುಗಿ ಗೇಟಿನಲ್ಲಿ ನಿಂತು ಅಳುತ್ತಿದ್ದಾಳೆ.

"ಅಂಕಲ್, ಬೇಗ ದಾಟಿ ಅಂಕಲ್, ಲೆಕ್ಕದ ಪರೀಕ್ಷೆ!"

ಹಿಂದಿರುಗಿ ಬಂದು ದಾಟಿದೆ. ಅವಳು ಪಾಸಾದಳು. ನನಗೆ ಬಸ್ ತಪ್ಪಿತು. ದೋಷ ನಿಜವಾಗಿಯೂ ವರ್ಗವಾಗುತ್ತದೆ.

ಕುಮಾರಸ್ವಾಮಿ ಲೇಔಟಿನ ಮನೆ

ಮೂರನೆಯದು ಮೋರಿಯಲ್ಲಿ ಸಿಕ್ಕಿತು. ಕೆಂದು ಬಣ್ಣದ ಗಂಡು. ಹುಟ್ಟಿನಿಂದಲೇ ತಲೆಯಲ್ಲಿ ಏನೋ ತೂಕ ತಪ್ಪಿದೆ ಎಂದರು ದನದ ಡಾಕ್ಟರು. ಎಡಕ್ಕೆ ಹೋಗಬೇಕೆಂದರೆ ಬಲಕ್ಕೆ ವಾಲುತ್ತಿತ್ತು, ನಿಂತಲ್ಲೇ ಸುತ್ತುತ್ತಿತ್ತು, ಧೊಪ್ಪನೆ ಕೂರುತ್ತಿತ್ತು. ಓಲಾಡಪ್ಪ ಎಂದು ಕರೆದೆ.

ಮಾಲೀಕರು ನೋಡಿದರು. "ಇದು ನಡೆಯತ್ತೆ."

"ಸರಿಯಾಗಿ ನಡೆಯಲ್ಲ."

"ಹೇಗೆ ನಡೆದ್ರೂ ನಡೆದ ಹಾಗೇ ಸಾರ್. ಬರೋ ಭಾನುವಾರ ಚಿಕ್ಕ ಮಗಳನ್ನ ನೋಡಕ್ಕೆ ಗಂಡಿನ ಕಡೆಯವರು ಬರ್ತಾರೆ. ಈಗಾಗ್ಲೇ ಎರಡು ಸಂಬಂಧ ತಪ್ಪಿದೆ. ಅಷ್ಟರೊಳಗೆ ಮೂರನ್ನೂ ಗೋಣಿಚೀಲಕ್ಕೆ ಹಾಕಿ ಅರೆಕೆರೆ ಆಚೆ ಬಿಟ್ಬನ್ನಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

"ಒಂದಕ್ಕೆ ಕಾಲಿಲ್ಲ, ಒಂದಕ್ಕೆ ಕಣ್ಣಿಲ್ಲ. ವಾಪಸ್ ಹೇಗೆ ಬರ್ತವೆ?"

"ಬರಬಾರ್ದು ಅಂತಾನೇ ಹೇಳ್ತಿರೋದು."

ಗೋಣಿಚೀಲವನ್ನೂ ಅವರೇ ಕೊಟ್ಟರು. ಚೆನ್ನಾಗಿತ್ತು. ನಾಲ್ಕು ಮಡಿಕೆ ಮಾಡಿ ಜಿಂಕೆಗೆ ಹಾಸಿದೆ. ಮನೆ ಹುಡುಕಲು ಹೊರಟೆ.

ಕುಮಾರಸ್ವಾಮಿ ಲೇಔಟಿನಲ್ಲಿ ಒಂದು ಹೊಸ ಮನೆಗೆ ಬಾಡಿಗೆ ಬೋರ್ಡಿತ್ತು. ಒಬ್ಬ ಹೆಂಗಸು ಬಾಗಿಲು ತೆರೆದರು.

"ಫ್ಯಾಮಿಲೀನಾ? ಒಂಟಿ ಗಂಡಸರಿಗೆ ಕೊಡಲ್ಲ."

"ಒಟ್ಟು ನಾಲ್ಕು ಜನ."

"ಹೆಂಗಸರು?"

"ಇಬ್ಬರು."

"ಕೆಲಸಕ್ಕೆ ಹೋಗ್ತಾರಾ?"

"ಎಲ್ಲೂ ಹೋಗಲ್ಲ. ಒಬ್ಬಳಿಗೆ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಒಬ್ಬಳಿಗೆ ಕಣ್ಣಿಲ್ಲ."

"ಅಯ್ಯೋ ಶಿವನೇ! ಯಾರು ನೋಡ್ಕೋತಾರೆ?"

"ನಾನೇ."

ಅವರ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡರು. "ದೇವರಂಥವರು ನೀವು. ಬೇರೆ ಯಾರಿಗೂ ಕೊಡಲ್ಲ, ನಾಳೆನೇ ಬನ್ನಿ. ನಾಲ್ಕನೆಯವರು?"

"ಗಂಡು."

"ಸದ್ಯ, ಅವರಾದ್ರೂ ಗಟ್ಟಿಮುಟ್ಟಾಗಿದಾರಾ?"

"ಓಲಾಡ್ತಾನೆ. ಗೋಡೆಗೆ ಒರಗಿ ನಡೀತಾನೆ. ಒಂದೊಂದ್ಸಲ ಮೋರಿಗೆ ಬೀಳ್ತಾನೆ."

ಮುಖ ಗಡುಸಾಯಿತು. "ಕುಡಿಯೋರಿಗೆ ಮನೆ ಕೊಡಲ್ಲಪ್ಪ." ಬಾಗಿಲು ಹಾಕಿದರು.

ನಾನು ಮಾತು ಕಡಿಮೆ ಆಡಿದ್ದು ತಪ್ಪಾಯಿತೇನೋ ಎನಿಸಿತು. ಕಿಟಕಿಯ ಹತ್ತಿರ ಹೋಗಿ, "ಅಮ್ಮ, ಅದು ಬೆಕ್ಕು. ಮೂರೂ ಬೆಕ್ಕು," ಎಂದೆ.

ಒಳಗಿನಿಂದ ದನಿ ಬಂತು: "ನೀವೂ ಕುಡ್ಕೊಂಡೇ ಬಂದಿದೀರಿ!"

ಆ ಭಾನುವಾರ, ಮತ್ತು ಆಮೇಲೆ

ಮನೆ ಸಿಗಲಿಲ್ಲ. ಭಾನುವಾರ ಬಂತು.

"ಇವತ್ತೊಂದಿನ ಮುಖ ತೋರಿಸ್ಬೇಡಿ. ನಾಳೆ ಸಾಮಾನು ಕಟ್ಟಿ," ಎಂದಿದ್ದರು ಮಾಲೀಕರು. ಬಾಗಿಲು ಹಾಕಿಕೊಂಡು ಕೂತೆ. ಜಿಂಕೆ ಗೋಣಿಯ ಮೇಲೆ, ಕುರುಡಿ ಸ್ಟೂಲಿನ ಮೇಲೆ. ಓಲಾಡಪ್ಪ ಕಾಣಲಿಲ್ಲ. ಬಚ್ಚಲ ಕಿಂಡಿ ತೆರೆದಿದ್ದುದನ್ನು ನೋಡಿದಾಗ ಗೊತ್ತಾಯಿತು.

ಕಿಟಕಿಯಿಂದ ಮಾಲೀಕರ ಮನೆ ಪಕ್ಕದ ಸಂದಿಯಲ್ಲಿ ಗೇಟು ಕಾಣುತ್ತಿತ್ತು, ಮಾತೂ ಕೇಳಿಸುತ್ತಿತ್ತು. ಹೊರಗೆ ಅಂಬಾಸಿಡರ್ ಕಾರು ನಿಂತಿತ್ತು. ಗಂಡಿನ ಅಜ್ಜಿ, ಸೋದರಮಾವ, ಗಂಡು, ಎಲ್ಲ ಇಳಿದು ನಿಂತಿದ್ದರು. ಗೇಟಿನ ಒಳಗೆ ಮಾಲೀಕರು ಕೈ ಮುಗಿದು ನಿಂತಿದ್ದರು. ನಡುವೆ ಓಲಾಡಪ್ಪ.

"ಎಡದಿಂದ ಬಲಕ್ಕೆ ಬಂತು, ಒಳ್ಳೇದೇ," ಎಂದರು ಸೋದರಮಾವ. ಓಲಾಡಪ್ಪ ಎಡಕ್ಕೆ ತಿರುಗಿತು. "ಅಲ್ಲ ಅಲ್ಲ, ಈಗ ಬಲದಿಂದ ಎಡಕ್ಕೆ."

"ಇನ್ನೂ ಪೂರ್ತಿ ದಾಟಿಲ್ಲ ಕಣೋ," ಎಂದರು ಅಜ್ಜಿ. "ದಾಟಿದ್ಮೇಲೆ ಲೆಕ್ಕ. ಎಲ್ರೂ ಅಲ್ಲೇ ನಿಲ್ಲಿ."

ಓಲಾಡಪ್ಪ ನಿಂತಲ್ಲೇ ಮೂರು ಸುತ್ತು ಸುತ್ತಿತು.

"ಪ್ರದಕ್ಷಿಣೆ ಹಾಕ್ತಿದೆ," ಎಂದ ಗಂಡು. ಅಜ್ಜಿ ಅವನನ್ನು ನೋಡಿದರು. ಅವನು ಕಾರಿನ ಹಿಂದಕ್ಕೆ ಸರಿದ.

ಬೆಕ್ಕು ನಡುದಾರಿಯಲ್ಲಿ ಕೂತಿತು. ಆಮೇಲೆ ಮಲಗಿತು. ದಾಟಿದ ಹಾಗೂ ಇಲ್ಲ, ದಾಟದ ಹಾಗೂ ಇಲ್ಲ. ನಾಲ್ಕೂವರೆಗೆ ರಾಹುಕಾಲ. ಬಿಸಿಲಿನಲ್ಲಿ ಎಲ್ಲರೂ ಬೆಕ್ಕಿನ ಮುಖ ನೋಡುತ್ತ ನಿಂತರು. ಅದು ಮೈ ನೆಕ್ಕಿಕೊಳ್ಳಲು ಶುರು ಮಾಡಿತು.

ಮಾಲೀಕರು ಓಡಿ ಬಂದು ನನ್ನ ಬಾಗಿಲು ಬಡಿದರು.

"ಸಾರ್! ಬೇಗ ಬಂದು ದಾಟಿ ಸಾರ್!"

"ಮುಖ ತೋರಿಸ್ಬೇಡಿ ಅಂದ್ರಲ್ಲ."

"ತೋರಿಸಿ ಸಾರ್, ತೋರಿಸಿ!"

"ಮನೆ?"

"ಯಾವ ಮನೆ?"

"ಖಾಲಿ ಮಾಡಿ ಅಂದ್ರಿ."

"ಯಾರಂದ್ರು? ಇದು ನಿಮ್ಮನೆ ಸಾರ್!"

"ಬೆಕ್ಕು?"

"ಇರ್ಲಿ!"

"ಮೂರೂ?"

"ರಾಹುಕಾಲ ಬರ್ತಿದೆ ಸಾರ್! ಬೇಕಾದ್ರೆ ಇನ್ನೂ ತನ್ನಿ!"

ಅಂಗಿ ಹಾಕಿಕೊಂಡೆ. ಗುಂಡಿ ಹಾಕಿಕೊಂಡೆ. ಹೋಗಿ ದಾಟಿದೆ. ಕಾರಿನ ತನಕ ನಡೆದು ನಿಂತೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಯಾರಪ್ಪ ಇವರು?"

"ನಮ್ಮನೆಯವರೇ," ಎಂದರು ಮಾಲೀಕರು.

ಎಲ್ಲರೂ ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಅಲ್ಲೇ ಕಾರಿನ ಪಕ್ಕ ನಿಂತಿದ್ದೆ.

ಸಂಬಂಧ ಕುದುರಿತು. ಮಾಲೀಕರು ಮತ್ತೆ ಪುಸ್ತಕ ನೋಡಿ, ಅಡ್ಡ ಬಂದೂ ಪೂರ್ತಿ ದಾಟದ ಬೆಕ್ಕು ಶುಭ ಎಂದು ತೀರ್ಮಾನಿಸಿದರು. ಅದೂ ಪುಸ್ತಕದಲ್ಲಿರಲಿಲ್ಲ, ಅವರೇ ಸೇರಿಸಿಕೊಂಡರು. ದಿನಾ ಬೆಳಿಗ್ಗೆ, "ಸಾರ್, ಓಲಾಡಪ್ಪನ್ನ ಸ್ವಲ್ಪ ಬಿಡಿ," ಎಂದು ಬರುತ್ತಿದ್ದರು. ಅದು ಅರ್ಧ ಹೋಗಿ ತಿರುಗಿದ ಮೇಲೆ ಸ್ಕೂಟರ್ ಹೊರಡುತ್ತಿತ್ತು. ಬೀದಿಯವರೂ ಅದನ್ನೇ ಹಿಡಿದರು. ನನ್ನನ್ನು ದಾಟಲು ಯಾರೂ ಕರೆಯಲಿಲ್ಲ. ಬಸ್ಸು ದಿನಾ ಸರಿಯಾಗಿ ಸಿಗುತ್ತಿತ್ತು. ಅದೇನೂ ಅಂಥ ಸುಖವಾಗಿರಲಿಲ್ಲ.

ಮದುವೆಯ ದಿನ. ಬಾಗಿಲಲ್ಲಿ ವ್ಯಾನ್, ಒಳಗೆ ಮದುಮಗಳು, ನೆಂಟರು. ನನ್ನನ್ನೂ ಕರೆದಿದ್ದರು. ಹೋಗುವ ಮನಸ್ಸಿರಲಿಲ್ಲ. ಮದುವೆಮನೆಯಲ್ಲಿ ಒಬ್ಬನೇ ಊಟಕ್ಕೆ ಕೂರುವುದು ಕಷ್ಟ. ಜಿಂಕೆಯನ್ನು ಒತ್ತಿ ಮುಗಿಸಿ, ಓಲಾಡಪ್ಪನನ್ನು ತಂದು ವ್ಯಾನಿನ ಮುಂದೆ ಬಿಟ್ಟೆ. ಎಲ್ಲರೂ ಕೈ ಮುಗಿದು ಕಾದರು.

ಓಲಾಡಪ್ಪ ಬಾಲ ಎತ್ತಿತು. ತಲೆ ಎತ್ತಿತು. ದಾರ ಹಿಡಿದಂತೆ ನೆಟ್ಟಗೆ ನಡೆದು, ಒಂದು ಸಲವೂ ವಾಲದೆ, ಬೀದಿಯ ಆ ಕಡೆಗೆ ಹೋಗಿ ಕೂತಿತು. ಜೀವಮಾನದಲ್ಲಿ ಮೊದಲ ಸಲ. ನನಗೆ ಎಷ್ಟು ಖುಷಿಯಾಯಿತೆಂದರೆ ಚಪ್ಪಾಳೆ ತಟ್ಟಿಬಿಟ್ಟೆ.

ಬೇರೆ ಯಾರೂ ತಟ್ಟಲಿಲ್ಲ.

"ಪೂರ್ತಿ ದಾಟ್ಬಿಡ್ತಲ್ರೀ!" ಎಂದು ಮಾಲೀಕರ ಹೆಂಡತಿ ಅಳುವ ದನಿಯಲ್ಲಿ ಕೂಗಿದರು. ಡ್ರೈವರ್ ಎಂಜಿನ್ ನಿಲ್ಲಿಸಿದ. ಮಾಲೀಕರು ವ್ಯಾನಿನಿಂದ ಇಳಿದು ನನ್ನ ಹತ್ತಿರ ಬಂದರು.

"ಸಾರ್..."

ಅವರು ಹೇಳುವ ಮೊದಲೇ ಹೋಗಿ ದಾಟಿದೆ.

"ಹಾಗೇ ವ್ಯಾನ್ ಹತ್ತಿ," ಎಂದರು. ಮುಂದೆ ಕೂತಿದ್ದ ತಮ್ಮ ಭಾವಮೈದುನನನ್ನು ಕೆಳಗಿಳಿಸಿ ಹಿಂದಕ್ಕೆ ಕಳಿಸಿದರು. "ಇಲ್ಲಿ, ಮುಂದೆ ಕೂತ್ಕೊಳ್ಳಿ ಸಾರ್. ಛತ್ರದ ತನಕ ದಾರೀಲಿ ಇನ್ನೂ ಎಷ್ಟು ಬೆಕ್ಕಿದೆಯೋ ಯಾರಿಗ್ಗೊತ್ತು."

ಕೂತೆ. ಯಾರೋ ಹಿಂದಿನಿಂದ ಮಲ್ಲಿಗೆ ಹೂವಿನ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟರು. ಬನಶಂಕರಿಯಿಂದ ಜಯನಗರದ ಛತ್ರದ ತನಕ ಒಂದೂ ಬೆಕ್ಕು ಅಡ್ಡ ಬರಲಿಲ್ಲ.

ದಾರಿಯುದ್ದಕ್ಕೂ ಎರಡೂ ಕಡೆ ನೋಡುತ್ತಲೇ ಇದ್ದೆ. ಒಂದಾದರೂ ಬರಲಿ ಎಂದು.